ಬ್ರಿಕ್ ಲೇನ್: ಪರದೇಶಿಗಳ ಬೀದಿಯ ಚರಿತ್ರೆ

ಲಂಡನ್ ಮಹಾನಗರದ ಪುರಾತನ ಕೋಟೆಗೋಡೆಯ ಹೊರಗೆ, ಪೂರ್ವದಿಕ್ಕಿನಲ್ಲಿ, ಉತ್ತರದಕ್ಷಿಣವಾಗಿ ಹಾದುಹೋಗುವ ಇಕ್ಕಟ್ಟಾದ ಬೀದಿಯೊಂದುಂಟು. ಹಿಂದೆ ಅಲ್ಲಿಯ ಜೇಡಿಮಣ್ಣನ್ನು ಅಗೆದು ಇಟ್ಟಿಗೆ ಹೆಂಚುಗಳನ್ನು ಸುಡುತ್ತಿದ್ದರಾದ್ದರಿಂದ ಅದಕ್ಕೆ ಬ್ರಿಕ್ ಲೇನ್ ಎಂಬ ಹೆಸರು ನಿಂತಿತು. ರಾಜಮಾರ್ಗದ ಘನತೆಯಾಗಲಿ, ಅರಮನೆಯ ನೆರೆಯಾಗಲಿ ಅದಕ್ಕೆ ಎಂದೂ ಇದ್ದುದಲ್ಲ. ಆದರೂ, ಒಂದು ಸಮಾಜವು ತನ್ನ ಮಧ್ಯಕ್ಕೆ ಬಂದು ನೆಲಸಿದ ಅಲ್ಪಸಂಖ್ಯಾತರಾದ ಅನ್ಯರನ್ನು ಯಾವ ಮಾತುಗಳಿಂದ ಹಳಿಯುತ್ತದೆ, ಆ ಮಾತುಗಳು ಯಾವ ಕ್ರಮದಲ್ಲಿ ಕಲ್ಲಾಗಿ ಚೂರಿಯಾಗಿ ಪರಿಣಮಿಸುತ್ತವೆ, ಪೆಟ್ಟು ತಿಂದವರು ಹೇಗೆ ಎದ್ದು ನಿಂತು ನ್ಯಾಯವನ್ನು ಕೇಳಿ ಪಡೆಯುತ್ತಾರೆ ಎಂಬುದನ್ನು ತಿಳಿಯಬಯಸುವವನಿಗೆ ಮುನ್ನೂರು ವರ್ಷಗಳ ನಿದರ್ಶನವನ್ನು ಒಂದೇ ಕಡೆ ಒದಗಿಸುವ ಇಂಥ ಸ್ಥಳ ಮತ್ತೊಂದು ದೊರೆಯುವುದು ದುರ್ಲಭ.

ಈ ಬೀದಿಗೆ ಫೋರ್ನಿಯರ್ ಸ್ಟ್ರೀಟ್ ಬಂದು ಕೂಡುವ ಮೂಲೆಯಲ್ಲಿ ಇಟ್ಟಿಗೆಯ ಒಂದು ದೊಡ್ಡ ಕಟ್ಟಡವಿದೆ. ಅದರ ಗೋಡೆಯ ಮೇಲ್ಭಾಗದಲ್ಲಿ ಅಳವಡಿಸಿರುವ ನೆರಳುಗಡಿಯಾರದ ಮೇಲೆ 1743 ಎಂಬ ಇಸವಿಯನ್ನು ಕೆತ್ತಿದ್ದಾರೆ. ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟಂಟ್ ಕ್ರೈಸ್ತರು ತಮ್ಮ ಪ್ರಾರ್ಥನೆಗಾಗಿ ಅದನ್ನು ಕಟ್ಟಿಸಿದರು. ಅವರ ಸಂತತಿ ಊರಿನ ಜನದೊಡನೆ ಬೆರೆತುಹೋದ ಬಳಿಕ, 1819ರಲ್ಲಿ ಅದು ಮೆಥಡಿಸ್ಟ್ ಪಂಥದವರ ಆರಾಧನಾಮಂದಿರವಾಯಿತು. 1898ರಲ್ಲಿ ಪೂರ್ವ ಯೂರೋಪಿನಿಂದ ಬಂದ ಯೆಹೂದ್ಯರ ಸಿನಗಾಗ್ ಆಯಿತು. 1976ರಲ್ಲಿ ಬಂಗಾಳಿ ಮುಸಲ್ಮಾನರ ಜಾಮಿಯಾ ಮಸೀದಿಯಾಯಿತು. ಗೋಡೆ ಅದೇ, ಸೂರು ಅದೇ, ಒಳಗೆ ಏಳುವ ಪ್ರಾರ್ಥನೆಯ ಭಾಷೆ ಮಾತ್ರ ಬೇರೆ. ಈ ವೃತ್ತಾಂತವನ್ನು ಸಹಿಷ್ಣುತೆಯ ಕಥೆಯೆಂದು ಹೇಳಿ ಸಂತೋಷಪಡುವವರು ಬಹಳ. ಸಂತೋಷಪಡತಕ್ಕ ಅಂಶ ಅದರಲ್ಲಿ ಇದ್ದೇ ಇದೆ. ಆದರೆ ಆ ಕಟ್ಟಡದ ಬಾಗಿಲಿನಿಂದ ಬೀದಿಗೆ ಇಳಿದ ಒಂದೊಂದು ಜನಾಂಗವೂ ಅಲ್ಲಿ ಏನನ್ನು ಕೇಳಿಸಿಕೊಂಡಿತು, ಏನನ್ನು ಅನುಭವಿಸಿತು ಎಂಬುದನ್ನು ಸೇರಿಸದಿದ್ದರೆ ಕಥೆ ಅರ್ಧದಷ್ಟು ಸುಳ್ಳಾಗುತ್ತದೆ.

ಪರದೇಶದವರು ಈ ಬೀದಿಗೇ ಬಂದುದಕ್ಕೆ ಕಾರಣಗಳಿದ್ದವು. ಕೋಟೆಯ ಒಳಗಿನ ವೃತ್ತಿಸಂಘಗಳ ಕಟ್ಟುಪಾಡು ಕೋಟೆಯ ಹೊರಗೆ ಅಷ್ಟಾಗಿ ನಡೆಯುತ್ತಿರಲಿಲ್ಲವಾದ್ದರಿಂದ ಹೊಸಬನು ಇಲ್ಲಿ ತನ್ನ ಕಸುಬನ್ನು ಮಾಡಬಹುದಾಗಿತ್ತು, ಮನೆಬಾಡಿಗೆ ಅಗ್ಗ, ಹಡಗು ನಿಲ್ಲುವ ಥೇಮ್ಸ್ ನದಿಯ ಧಕ್ಕೆಗಳು ಕೂಗಳತೆಯಲ್ಲಲ್ಲದಿದ್ದರೂ ಕಾಲ್ನಡಿಗೆಯ ದೂರದಲ್ಲಿ. ಮುನ್ನೂರು ವರ್ಷವೂ ಬದಲಾಗದೆ ನಿಂತ ಕಾರಣಗಳು ಇವು. ಜನ ಬದಲಾದರು, ಬಡತನವೂ ದುಡಿಮೆಯೂ ಅವನ್ನು ಹಿಂಬಾಲಿಸಿ ಬಂದ ನಿಂದೆಯೂ ಬದಲಾಗಲಿಲ್ಲ.

ಮೊದಲು ಬಂದವರು ಹ್ಯೂಗನಾಟರೆಂಬ ಆ ಫ್ರೆಂಚ್ ಪ್ರಾಟೆಸ್ಟಂಟರು. ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿ 1598ರಲ್ಲಿ ನಾಂಟ್ ಎಂಬಲ್ಲಿ ಹೊರಡಿಸಿದ ಶಾಸನವು ಪ್ರಾಟೆಸ್ಟಂಟರಿಗೆ ಅವರ ಮತಾಚರಣೆಯ ಸ್ವಾತಂತ್ರ್ಯವನ್ನು ಕೊಟ್ಟಿತ್ತು. 1685ರಲ್ಲಿ ಹದಿನಾಲ್ಕನೆಯ ಲೂಯಿ ಅದನ್ನು ರದ್ದುಮಾಡಿದನು. ಆಗ ದೇಶಭ್ರಷ್ಟರಾದವರಲ್ಲಿ ಸುಮಾರು 40,000ದಿಂದ 50,000 ಜನ ಇಂಗ್ಲೆಂಡಿಗೆ ಬಂದರೆಂದು ಚರಿತ್ರಕಾರರು ಲೆಕ್ಕ ಹೇಳುತ್ತಾರೆ. ಅವರಲ್ಲಿ ರೇಷ್ಮೆ ನೇಯುವವರು ಈ ಬೀದಿಯ ಸುತ್ತಣ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಬಿಡಾರ ಹೂಡಿದರು. ರೇಷ್ಮೆಯ ಎಳೆ ಕಣ್ಣಿಗೆ ಕಾಣಬೇಕಾದರೆ ಬೆಳಕು ಧಾರಾಳವಾಗಿ ಬೇಕಷ್ಟೆ. ಆದುದರಿಂದ ಅವರ ಮನೆಗಳ ಅಟ್ಟಕ್ಕೆ ಗೋಡೆಯುದ್ದಕ್ಕೂ ಹಬ್ಬಿದ ಅಗಲವಾದ ಕಿಟಕಿಗಳು ಬಂದವು. ಮಗ್ಗದ ಪಕ್ಕದಲ್ಲಿ ಪಂಜರ ತೂಗಿಸಿ ಹಾಡುಹಕ್ಕಿಗಳನ್ನು ಸಾಕುವುದು ಆ ನೇಕಾರರ ಪ್ರೀತಿಯ ಹವ್ಯಾಸವಾಗಿತ್ತು. ಆ ಕಿಟಕಿಗಳುಳ್ಳ ಮನೆಗಳು ಈಗಲೂ ಉಳಿದಿವೆ. ನೇಕಾರನು ಬಿಟ್ಟುಹೋದ ಅಟ್ಟದಲ್ಲಿ ಮುಂದೆ ಯೆಹೂದ್ಯ ದರ್ಜಿಯೂ ಅವನ ತರುವಾಯ ಬಂಗಾಳಿ ದರ್ಜಿಯೂ ಅದೇ ಬೆಳಕಿನಲ್ಲಿ ಕುಳಿತು ಹೊಲಿದರು.

ಹ್ಯೂಗನಾಟರು ಬಿಳಿಯ ಬಣ್ಣದವರು, ಕ್ರೈಸ್ತರು, ಅದೂ ಇಂಗ್ಲಿಷರ ಪ್ರಾಟೆಸ್ಟಂಟ್ ಮತಕ್ಕೆ ಹತ್ತಿರದವರು, ಇಂಗ್ಲಿಷರ ಶತ್ರುವಾದ ದೊರೆಯಿಂದ ಪೀಡಿತರಾದವರು. ಅವರಿಗಾಗಿ ದೇಶದಲ್ಲೆಲ್ಲ ಚಂದಾ ಎತ್ತಿದ್ದೂ ಉಂಟು. ಹೀಗಿದ್ದೂ ಅವರ ಮೇಲೆ ಬಂದ ಆಪಾದನೆಗಳನ್ನು ನೋಡಿ: ಕಡಮೆ ಕೂಲಿಗೆ ದುಡಿದು ನಮ್ಮವರ ಅನ್ನ ಕಸಿಯುತ್ತಾರೆ, ಒಂದೊಂದು ಮನೆಯಲ್ಲಿ ಹತ್ತಾರು ಜನ ತುಂಬಿಕೊಂಡು ಬಾಡಿಗೆ ಏರಿಸುತ್ತಾರೆ, ಅವರ ಅಡಿಗೆ ನಾರುತ್ತದೆ, ತಮ್ಮ ಭಾಷೆಯನ್ನೇ ಆಡಿಕೊಂಡು ತಮ್ಮಷ್ಟಕ್ಕೆ ತಾವಿರುತ್ತಾರೆ. ಅನ್ಯದೇಶದ ಪ್ರಾಟೆಸ್ಟಂಟರಿಗೆ ಪ್ರಜಾಹಕ್ಕು ಕೊಡುವ ಮಸೂದೆಯೊಂದು 1694ರಲ್ಲಿ ಪಾರ್ಲಿಮೆಂಟಿನ ಮುಂದೆ ಬಂದಾಗ, ಬ್ರಿಸ್ಟಲ್ ನಗರದ ಸದಸ್ಯನಾದ ಸರ್ ಜಾನ್ ನೈಟ್ ಎಂಬವನು, ಮೊದಲು ಮಸೂದೆಯನ್ನು ಸಭೆಯಿಂದಲೂ ಅನಂತರ ಪರದೇಶಿಗಳನ್ನು ರಾಜ್ಯದಿಂದಲೂ ಒದ್ದು ಹೊರಗಟ್ಟಬೇಕೆಂದು ಭಾಷಣ ಮಾಡಿದನು. ಚರ್ಮದ ಬಣ್ಣವೂ ಮತವೂ ಒಂದೇ ಆದವರ ಮೇಲೆ ಹುಟ್ಟಿದ ಈ ನಿಂದೆಯ ಪಟ್ಟಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಂಡಿರಬೇಕು. ಅದು ಮುಂದೆ ಎರಡು ಸಲ, ಹೆಚ್ಚುಕಡಮೆ ಅಕ್ಷರಶಃ, ಮರಳಿ ಬರುತ್ತದೆ. ಅಪರಿಚಿತನಲ್ಲಿ ಏನು ದೋಷವಿದೆಯೆಂದು ನೋಡಿ ಆಮೇಲೆ ಹಳಿಯುವುದು ದ್ವೇಷದ ಕ್ರಮವಲ್ಲ. ಬೈಗುಳ ಮುಂಚಿತವಾಗಿಯೇ ಸಿದ್ಧವಾಗಿರುತ್ತದೆ; ಬಂದವನಿಗೆ ಅದನ್ನು ತೊಡಿಸುವುದಷ್ಟೇ ಕೆಲಸ.

ರೇಷ್ಮೆಯ ಉದ್ಯಮವು ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಷೀಣಿಸಿ, 1860ರಲ್ಲಿ ಫ್ರಾನ್ಸಿನೊಡನೆ ಆದ ವ್ಯಾಪಾರದ ಒಪ್ಪಂದದಿಂದ ಪೂರ್ತಿಯಾಗಿ ಕುಸಿಯಿತು. ಬರಿದಾದ ಮನೆಗಳಿಗೆ ಎರಡನೆಯ ವಲಸೆ ಬಂತು. 1881ರ ಮಾರ್ಚ್ ತಿಂಗಳಲ್ಲಿ ರಷ್ಯದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರ್ ಹತನಾದನು. ಅಪವಾದ ಯೆಹೂದ್ಯರ ತಲೆಗೆ ಬಂತು. ಅವರ ಕೇರಿಗಳ ಮೇಲೆ ಗುಂಪುಗಳು ಬಿದ್ದು ಸುಲಿದವು. ಮರುವರ್ಷ ಅವರ ವಾಸಕ್ಕೂ ವ್ಯಾಪಾರಕ್ಕೂ ನಿರ್ಬಂಧ ಹಾಕುವ ಕಟ್ಟಳೆಗಳು ಹೊರಟವು. ಅಂದಿನಿಂದ 1914ರವರೆಗೆ ಲಕ್ಷಕ್ಕೂ ಮಿಕ್ಕ ಯೆಹೂದ್ಯರು ಬ್ರಿಟನ್ನಿಗೆ ಬಂದರು. ಬಹುಮಂದಿ ಇಳಿದುದು ಈಸ್ಟ್ ಎಂಡ್ ಎನ್ನುವ ಈ ಪೂರ್ವಭಾಗದಲ್ಲಿ. ಪ್ರಿನ್ಸ್‌ಲೆಟ್ ಸ್ಟ್ರೀಟಿನ ಹತ್ತೊಂಬತ್ತನೆಯ ನಂಬರಿನ ಮನೆ ಹ್ಯೂಗನಾಟರ ಕಾಲದ್ದು. ಅದರ ಹಿತ್ತಿಲಿನಲ್ಲಿ 1869ರಷ್ಟು ಹಿಂದೆಯೇ ಯೆಹೂದ್ಯರು ಒಂದು ಪುಟ್ಟ ಸಿನಗಾಗ್ ಕಟ್ಟಿಕೊಂಡಿದ್ದರು.

ಅವರಲ್ಲಿ ಅನೇಕರ ಜೀವನಾಧಾರ ಸಿದ್ಧ ಉಡುಪಿನ ಹೊಲಿಗೆ. ದೊಡ್ಡ ಅಂಗಡಿಯವನು ಬಟ್ಟೆಯನ್ನು ಗುತ್ತಿಗೆದಾರನಿಗೆ ಕೊಡುವನು. ಗುತ್ತಿಗೆದಾರನು ತನ್ನ ಮನೆಯ ಒಂದು ಕೋಣೆಯಲ್ಲಿ ಏಳೆಂಟು ಜನರನ್ನು ಕೂರಿಸಿ, ಒಂದು ಕೋಟಿನ ಕೆಲಸವನ್ನು ಹಂಚುವನು. ಒಬ್ಬನು ಕತ್ತರಿಸುವನು, ಒಬ್ಬನು ಕಚ್ಚಾ ಹೊಲಿಗೆ ಹಾಕುವನು, ಒಬ್ಬನು ಯಂತ್ರ ತುಳಿಯುವನು, ಹೆಣ್ಣುಮಗಳೊಬ್ಬಳು ಕಾಜಾ ತೆಗೆದು ಗುಂಡಿ ಕೂರಿಸುವಳು, ಮೂಲೆಯಲ್ಲಿ ಕೆಂಡದ ಶಾಖಕ್ಕೆ ಬೆಂದುಕೊಂಡು ಮತ್ತೊಬ್ಬನು ಇಸ್ತ್ರಿ ಹಾಕುವನು. ಬೇಡಿಕೆಯ ತಿಂಗಳುಗಳಲ್ಲಿ ರಾತ್ರಿಯೆಲ್ಲ ದುಡಿಮೆ, ಬೇಡಿಕೆ ಇಳಿದಾಗ ಕೂಲಿಯಿಲ್ಲ. ಈ ಪದ್ಧತಿಯಿಂದ ಲಾಭ ಪಡೆದವನು ಅಗ್ಗವಾಗಿ ಕೋಟು ಕೊಂಡ ಗಿರಾಕಿ ಮತ್ತು ಅದನ್ನು ಮಾರಿದ ವರ್ತಕ. ದೂಷಣೆಗೆ ಪಾತ್ರನಾದವನು ಹೊಲಿದ ಕೂಲಿ. ಅವನೇ ಕೂಲಿಯ ದರ ಇಳಿಸಿದನೆಂದರು. ಅವನೇ ಮನೆಬಾಡಿಗೆ ಏರಿಸಿದನೆಂದರು. ಅವನ ಕೊಳೆ, ಅವನ ಭಾಷೆ, ಅವನ ಅಡಿಗೆ, ಅವನ ಸಬ್ಬತ್ ಎಲ್ಲವೂ ಅಪರಾಧವಾದವು.

1888ರ ಶರತ್ಕಾಲದಲ್ಲಿ ನೆರೆಯ ವೈಟ್‌ಚಾಪೆಲ್ಲಿನ ಬಡಹೆಂಗಸರು ಒಬ್ಬರಾದಮೇಲೊಬ್ಬರು ಅಜ್ಞಾತ ಹಂತಕನ ಕೈಯಲ್ಲಿ ಹತರಾದಾಗ, ಇಂಥ ಕ್ರೌರ್ಯ ಇಂಗ್ಲಿಷನದಾಗಿರಲಾರದು, ಯೆಹೂದ್ಯನದೇ ಇರಬೇಕೆಂದು ಬಾಯಿಂದ ಬಾಯಿಗೆ ಸುದ್ದಿ ಹರಡಿತು. ಬೀದಿಯಲ್ಲಿ ಸಿಕ್ಕ ಯೆಹೂದ್ಯರನ್ನು ಬೆದರಿಸಿದರು. ಸೆಪ್ಟೆಂಬರ್ 30ರ ನಸುಕಿನಲ್ಲಿ ಗೋಲ್‌ಸ್ಟನ್ ಸ್ಟ್ರೀಟಿನ ಒಂದು ಬಾಗಿಲವಾಡದ ಗೋಡೆಯ ಮೇಲೆ ಯೆಹೂದ್ಯರನ್ನು ಹೆಸರಿಸಿ ಸೀಮೆಸುಣ್ಣದಲ್ಲಿ ಬರೆದ ವಾಕ್ಯವೊಂದು ಕಂಡುಬಂತು. ಪೊಲೀಸ್ ಕಮಿಷನರ್ ಆಗಿದ್ದ ಸರ್ ಚಾರ್ಲ್ಸ್ ವಾರನ್ ಸ್ವತಃ ಅಲ್ಲಿಗೆ ಬಂದು, ಬೆಳಗಿನ ಸಂತೆಗೆ ಜನ ನೆರೆಯುವುದರೊಳಗಾಗಿ ಅದನ್ನು ಒರೆಸಿಹಾಕಿಸಿದರು. ಸಾಕ್ಷ್ಯನಾಶವಾಯಿತೆಂದು ಅವರನ್ನು ಇಂದಿಗೂ ಆಕ್ಷೇಪಿಸುವವರಿದ್ದಾರೆ. ಆದರೆ ಒಂದು ಸಾಲಿನ ಬರೆಹದಿಂದ ಒಂದು ಕೇರಿಯೇ ಉರಿದುಹೋಗಬಹುದೆಂಬುದನ್ನು ಆ ಅಧಿಕಾರಿ ತಿಳಿದಿದ್ದರು. ಆ ತಿಳಿವಳಿಕೆ ಅವರ ನಂತರದ ಎಷ್ಟೋ ಮಂದಿ ಅಧಿಕಾರಸ್ಥರಲ್ಲಿ ಕಾಣಬರಲಿಲ್ಲ.

ಗೋಡೆಯ ಮೇಲಿನ ಬರೆಹ ಮುಂದೆ ವೇದಿಕೆಯ ಮೇಲಿನ ಭಾಷಣವಾಯಿತು. 1901ರಲ್ಲಿ ಬ್ರಿಟಿಷ್ ಬ್ರದರ್ಸ್ ಲೀಗ್ ಎಂಬ ಸಂಘ ಹುಟ್ಟಿತು. ಸ್ಟೆಪ್ನಿ ಕ್ಷೇತ್ರದ ಪಾರ್ಲಿಮೆಂಟ್ ಸದಸ್ಯನಾದ ಮೇಜರ್ ಈವನ್ಸ್ ಗಾರ್ಡನ್ ಅದಕ್ಕೆ ಬೆನ್ನಾಗಿ ನಿಂತನು. 1902ರ ಜನವರಿಯಲ್ಲಿ ಮೈಲ್ ಎಂಡ್ ರಸ್ತೆಯ ಪೀಪಲ್ಸ್ ಪ್ಯಾಲೆಸ್ ಎಂಬ ಸಭಾಭವನದಲ್ಲಿ ಸಾವಿರಾರು ಜನ ನೆರೆದು ಪರದೇಶಿಗಳ ಆಗಮನವನ್ನು ತಡೆಯಬೇಕೆಂದು ಘೋಷಿಸಿದರು. ಇದರ ಫಲವೇ 1905ರ ಏಲಿಯನ್ಸ್ ಆಕ್ಟ್, ಶಾಂತಿಕಾಲದಲ್ಲಿ ವಲಸೆಯನ್ನು ನಿಯಂತ್ರಿಸಲು ಆಧುನಿಕ ಬ್ರಿಟನ್ ಮಾಡಿದ ಮೊದಲನೆಯ ಶಾಸನ. ಹಡಗಿನ ಕೆಳದರ್ಜೆಯಲ್ಲಿ ಬಂದವರನ್ನು ಮಾತ್ರ ಅದು ಪರೀಕ್ಷೆಗೆ ಒಳಪಡಿಸಿತು. ಮೇಲ್ದರ್ಜೆಯ ಕೋಣೆಯಲ್ಲಿ ಬಂದವನನ್ನು ಯಾರೂ ಕೇಳುವಂತಿರಲಿಲ್ಲ. ಮತ ಅಥವಾ ರಾಜಕೀಯದ ಕಾರಣದಿಂದ ಪೀಡಿತರಾಗಿ ಬಂದವರಿಗೆ ವಿನಾಯಿತಿಯಿತ್ತೆಂಬುದನ್ನು ಮರೆಯದೆ ಹೇಳಬೇಕು. ಆದರೂ ಬೀದಿಯ ದ್ವೇಷವನ್ನು ಶಾಸನದ ಭಾಷೆಗೆ ಪರಿವರ್ತಿಸಬಹುದೆಂಬ ಪಾಠವನ್ನು ದ್ವೇಷಿಸುವವರು ಅಂದು ಕಲಿತರು.

1936ರ ಹೊತ್ತಿಗೆ ಆ ಪಾಠ ಕಪ್ಪು ಅಂಗಿಯನ್ನು ತೊಟ್ಟಿತ್ತು. ಸರ್ ಆಸ್ವಾಲ್ಡ್ ಮೋಸ್ಲಿ 1932ರಲ್ಲಿ ಕಟ್ಟಿದ್ದ ಫ್ಯಾಸಿಸ್ಟ್ ಪಕ್ಷದವರು ಯೆಹೂದ್ಯರ ಕೇರಿಗಳ ಮಧ್ಯದಿಂದ ಸಮವಸ್ತ್ರ ಧರಿಸಿ ಮೆರವಣಿಗೆ ಹೋಗುವೆವೆಂದು ಪ್ರಕಟಿಸಿದರು. ಅದನ್ನು ನಿಷೇಧಿಸಬೇಕೆಂದು ಸುಮಾರು ಒಂದು ಲಕ್ಷ ಜನ ಸಹಿ ಹಾಕಿದ ಮನವಿ ಗೃಹಮಂತ್ರಿಗೆ ಹೋಯಿತು, ನಿಷೇಧ ಬರಲಿಲ್ಲ. ಪ್ರತಿಷ್ಠಿತ ಯೆಹೂದ್ಯರ ಮಂಡಲಿಯು, ಯಾರೂ ಬೀದಿಗೆ ಇಳಿಯದೆ ಮನೆಯಲ್ಲಿರಿ ಎಂದು ತನ್ನ ಜನಕ್ಕೆ ಬುದ್ಧಿ ಹೇಳಿತು. ಅಕ್ಟೋಬರ್ 4, ಭಾನುವಾರ, ಮೆರವಣಿಗೆಗೆ ದಾರಿ ಬಿಡಿಸಲು ಸುಮಾರು ಆರು ಸಾವಿರ ಪೊಲೀಸರು ಬಂದರು. ದಾರಿಯನ್ನು ಅಡ್ಡಗಟ್ಟಲು ಲಕ್ಷಕ್ಕೆ ಕಡಮೆಯಿಲ್ಲದಷ್ಟು ಜನ ಬಂದರು. ಕೇಬಲ್ ಸ್ಟ್ರೀಟಿನಲ್ಲಿ ಲಾರಿಯನ್ನು ಮಗುಚಿ, ಮಂಚ ಕುರ್ಚಿಗಳನ್ನು ಒಟ್ಟಿ ಅಡ್ಡಗೋಡೆ ಕಟ್ಟಿದರು. ಪೊಲೀಸರ ಕುದುರೆಗಳ ಕಾಲಡಿಗೆ ಗೋಲಿಗಳನ್ನು ಉರುಳಿಸಿದರು. ಮಹಡಿಯ ಕಿಟಕಿಗಳಿಂದ ಹೆಂಗಸರು ಕೈಗೆ ಸಿಕ್ಕಿದ್ದನ್ನು ಸುರಿದರು. ಯೆಹೂದ್ಯ ದರ್ಜಿಗಳ ಪಕ್ಕದಲ್ಲಿ ಹಡಗುಕಟ್ಟೆಯ ಐರಿಷ್ ಹಮಾಲಿಗಳು ಭುಜಕ್ಕೆ ಭುಜ ಕೊಟ್ಟು ನಿಂತರು. ಕೊನೆಗೆ ಪೊಲೀಸ್ ಕಮಿಷನರು ಮೋಸ್ಲಿಯನ್ನು ಹಿಂದಿರುಗಿ ಹೋಗುವಂತೆ ಆಜ್ಞಾಪಿಸಬೇಕಾಯಿತು. ಮುಂದಿನ ಭಾನುವಾರವೇ ಮೈಲ್ ಎಂಡ್ ರಸ್ತೆಯಲ್ಲಿ ಒಂದು ಪುಂಡರ ಗುಂಪು ಯೆಹೂದ್ಯರ ಅಂಗಡಿಗಳ ಗಾಜು ಒಡೆದು ಸೇಡು ತೀರಿಸಿಕೊಂಡಿತೆಂಬುದನ್ನು ಇಲ್ಲಿ ಸೇರಿಸಬೇಕು. ದ್ವೇಷ ಒಂದು ದಿನದ ಕಾಳಗದಲ್ಲಿ ಸೋಲುವಂಥದಲ್ಲ. ಆದರೆ ಅದೇ ವರ್ಷ ರಾಜಕೀಯ ಸಮವಸ್ತ್ರಗಳನ್ನು ನಿಷೇಧಿಸುವ ಪಬ್ಲಿಕ್ ಆರ್ಡರ್ ಆಕ್ಟ್ ಬಂತು. ಮನವಿಗೆ ಬಗ್ಗದಿದ್ದ ಸರ್ಕಾರ ಜನ ಎದ್ದು ನಿಂತಾಗ ಬಗ್ಗಿತು.

ಮೂರನೆಯ ವಲಸೆ ನಮ್ಮ ಉಪಖಂಡದ್ದು. ಈಸ್ಟ್ ಇಂಡಿಯಾ ಕಂಪೆನಿಯ ಕಾಲದಿಂದಲೂ ಲಸ್ಕರರೆಂಬ ಏಷ್ಯದ ನಾವಿಕರು ಲಂಡನ್ನಿನ ಧಕ್ಕೆಗಳಲ್ಲಿ ಇಳಿಯುತ್ತಿದ್ದರು. ಉಗಿಹಡಗುಗಳು ಬಂದಮೇಲೆ, ಸಮುದ್ರವಿಲ್ಲದ ಸಿಲ್ಹೆಟ್ ಸೀಮೆಯ ಬಂಗಾಳಿಗಳು ಕಲ್ಕತ್ತೆಯಲ್ಲಿ ಹಡಗು ಹತ್ತಿ, ಇಂಜಿನ್ ಕೋಣೆಯ ಕುಲುಮೆಗೆ ಕಲ್ಲಿದ್ದಲು ತುಂಬುವ ಕಠಿಣತಮವಾದ ಕೆಲಸಕ್ಕೆ ಸೇರಿದರು. ಆ ಸೆಕೆಯನ್ನು ತಾಳಲಾರದೆ ಲಂಡನ್ನಿನಲ್ಲಿ ಹಡಗು ಬಿಟ್ಟು ಓಡಿದವರಿಗೆ, ತಾನೂ ಹಡಗು ಬಿಟ್ಟು ಬಂದು ನೆಲೆನಿಂತ ಅಯೂಬ್ ಅಲಿ ಮಾಸ್ಟರ್ ಎಂಬವನು ಅನ್ನ, ಆಶ್ರಯ ಕೊಟ್ಟು ಕಾಗದಪತ್ರ ಬರೆದುಕೊಡುತ್ತಿದ್ದನು. ಎರಡನೆಯ ಮಹಾಯುದ್ಧದ ತರುವಾಯ ಬ್ರಿಟನ್ನಿನ ಕಾರ್ಖಾನೆಗಳಿಗೆ ಕೈಗಳು ಬೇಕಾದವು. 1948ರ ನ್ಯಾಷನಾಲಿಟಿ ಆಕ್ಟ್ ಸಾಮ್ರಾಜ್ಯದ ಪ್ರಜೆಗಳಿಗೆ ಬಾಗಿಲು ತೆರೆದಿತ್ತು. 1962ರ ಶಾಸನ ಅದನ್ನು ಅರ್ಧ ಮುಚ್ಚಿತು. 1971ರ ಬಾಂಗ್ಲಾ ವಿಮೋಚನೆಯ ಯುದ್ಧದ ಬಳಿಕ ಹೆಂಡತಿ ಮಕ್ಕಳೂ ಬಂದು ಸೇರಿಕೊಂಡರು. ಯೆಹೂದ್ಯರ ಮಕ್ಕಳು ಮೊಮ್ಮಕ್ಕಳು ಅನುಕೂಲವಂತರಾಗಿ ಉತ್ತರದ ಬಡಾವಣೆಗಳಿಗೆ ಹೊರಟುಹೋದಂತೆ, ಅವರ ಹೊಲಿಗೆಯ ಕೋಣೆಗಳಲ್ಲಿ ಸಿಲ್ಹೆಟಿನ ತರುಣರು ಕುಳಿತರು.

ಹಳೆಯ ನಿಂದೆಯ ಪಟ್ಟಿ ಮತ್ತೆ ಹೊರಬಂತು: ಅಗ್ಗದ ಕೂಲಿ, ಕಿಕ್ಕಿರಿದ ಮನೆ, ಅಡಿಗೆಯ ವಾಸನೆ, ಪರಭಾಷೆ. ಆದರೆ ಈ ಸಲ ಒಂದು ವ್ಯತ್ಯಾಸವಿತ್ತು. ಹ್ಯೂಗನಾಟನ ಮಗನೂ ಯೆಹೂದ್ಯನ ಮೊಮ್ಮಗನೂ ಹೆಸರು ಬದಲಿಸಿಕೊಂಡು, ಉಚ್ಚಾರ ತಿದ್ದಿಕೊಂಡು ಜನಜಂಗುಳಿಯಲ್ಲಿ ಕಣ್ಮರೆಯಾಗಬಹುದಾಗಿತ್ತು. ಕಪ್ಪು ಬಣ್ಣದವನಿಗೆ ಅಂಥ ಮರೆ ಇಲ್ಲ. ಪಾಕಿಸ್ತಾನದ ಹೆಸರನ್ನು ತುಂಡರಿಸಿ ಮಾಡಿದ ಒಂದು ಬೈಗುಳ ಆಗ ಬೀದಿಬೀದಿಯಲ್ಲಿ ಕೇಳುತ್ತಿತ್ತು. ಅದು ಬಂಗಾಳಿಗೂ ಪಂಜಾಬಿಗೂ ಗುಜರಾತಿಗೂ ಸಮನಾಗಿ ಅನ್ವಯಿಸುತ್ತಿತ್ತು. ಕನ್ನಡಿಗನೊಬ್ಬನು ಆ ದಾರಿಯಲ್ಲಿ ನಡೆದುಹೋಗಿದ್ದರೂ ಅವನಿಗೆ ಬೇರೆ ಸಂಬೋಧನೆ ಸಿಕ್ಕುತ್ತಿರಲಿಲ್ಲ. ಅಂಥವರನ್ನು ಹಿಡಿದು ಹೊಡೆಯುವುದು ತಲೆಬೋಳಿಸಿಕೊಂಡ ಹುಡುಗರ ಗುಂಪುಗಳಿಗೆ ಒಂದು ವಿನೋದವಾಗಿ, ಅದಕ್ಕೆ ಒಂದು ಹೆಸರೂ ಹುಟ್ಟಿತು. 1970ರ ಏಪ್ರಿಲಿನಲ್ಲಿ ತೋಸಿರ್ ಅಲಿ ಎಂಬ ಹೋಟೆಲ್ ಕೆಲಸಗಾರನು ಮನೆಗೆ ಮರಳುವ ದಾರಿಯಲ್ಲಿ ಕೊಲೆಯಾದನು. 1976ರ ಜೂನಿನಲ್ಲಿ ಪಶ್ಚಿಮ ಲಂಡನ್ನಿನ ಸೌತ್‌ಹಾಲ್‌ನಲ್ಲಿ ಗುರುದೀಪ್ ಸಿಂಗ್ ಚಗ್ಗರ್ ಎಂಬ ಹದಿನೆಂಟರ ಸಿಖ್ ವಿದ್ಯಾರ್ಥಿ ಕೊಲೆಯಾದನು.

ಹುಡುಗರ ಕೈಯಲ್ಲಿ ಚೂರಿ ಬಂದುದು ಎಲ್ಲಿಂದ ಎಂಬುದನ್ನು ಕೇಳಬೇಕಾಗಿದೆ. 1968ರ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಈನಾಕ್ ಪವೆಲ್ ಎಂಬ ಪಾರ್ಲಿಮೆಂಟ್ ಸದಸ್ಯನು, ಗ್ರೀಕ್ ಮತ್ತು ಲ್ಯಾಟಿನ್ ವಿದ್ವಾಂಸನಾದವನು, ವಲಸೆಯಿಂದ ದೇಶಕ್ಕೆ ರಕ್ತಪಾತ ಕಾದಿದೆಯೆಂಬ ಭಾವನೆ ಬರುವಂತೆ ಭಾಷಣ ಮಾಡಿದನು. ಅವನ ಪಕ್ಷದ ನಾಯಕನು ಅವನನ್ನು ಪಕ್ಷದ ಪ್ರಮುಖರ ಮಂಡಲಿಯಿಂದ ತೆಗೆದುಹಾಕಿದನೆಂಬುದು ನಿಜ. ಆದರೆ ಮೂರು ದಿನಗಳ ಮೇಲೆ ಲಂಡನ್ನಿನ ಪೂರ್ವದ ಹಡಗುಕಟ್ಟೆಗಳಿಂದ ಸುಮಾರು ಒಂದು ಸಾವಿರ ಹಮಾಲಿಗಳು ಕೆಲಸ ನಿಲ್ಲಿಸಿ, ಪವೆಲ್‌ನ ಪರವಾಗಿ ಕೂಗುತ್ತ ಪಾರ್ಲಿಮೆಂಟಿನವರೆಗೆ ಮೆರವಣಿಗೆ ಹೋದರು. 1936ರಲ್ಲಿ ಯೆಹೂದ್ಯರ ಪಕ್ಕದಲ್ಲಿ ನಿಂತವರೂ ಈ ಪೂರ್ವದ ಹಡಗುಕಟ್ಟೆಗಳ ಹಮಾಲಿಗಳೇ. ನಡುವೆ ಕಳೆದದ್ದು ಕೇವಲ ಮೂವತ್ತೆರಡು ವರ್ಷ. ತಂದೆ ಮಾಡಿದ ಸತ್ಕಾರ್ಯ ಮಗನ ಸ್ವಭಾವದಲ್ಲಿ ತಾನಾಗಿ ಇಳಿದುಬರುವುದಿಲ್ಲವೆಂಬ ಕಹಿಯಾದ ಸತ್ಯವನ್ನು ಈ ಬೀದಿಯ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಘಟನೆ ಬೇರೆ ಇಲ್ಲ.

ವಲಸೆಗಾರರನ್ನು ದ್ವೇಷಿಸುವ ನ್ಯಾಷನಲ್ ಫ್ರಂಟ್ ಎಂಬ ಪಕ್ಷ 1967ರಲ್ಲಿ ಸ್ಥಾಪಿತವಾಯಿತು. ಭಾನುವಾರ ಬ್ರಿಕ್ ಲೇನಿನಲ್ಲಿ ಸಂತೆ. ಅದರ ಉತ್ತರದ ತುದಿಯಲ್ಲಿ, ಬೆತ್ನಲ್ ಗ್ರೀನ್ ರಸ್ತೆಯ ಮೂಲೆಯಲ್ಲಿ, ಆ ಪಕ್ಷದವರು ವಾರವಾರವೂ ನಿಂತು ತಮ್ಮ ಪತ್ರಿಕೆಯನ್ನು ಮಾರುತ್ತಿದ್ದರು. ಮಾರಾಟ ಒಂದು ನೆಪ. ಹಾದುಹೋಗುವ ಬಂಗಾಳಿಯನ್ನು ಹೀಯಾಳಿಸುವುದು, ಉಗುಳುವುದು, ಸಂಜೆಯ ಹೊತ್ತಿಗೆ ಗುಂಪುಗೂಡಿ ಗಾಜು ಒಡೆಯುವುದು ಅದರ ಜೊತೆಗೆ ನಡೆಯುತ್ತಿತ್ತು. ಮನೆಯ ಟಪಾಲು ಕಿಂಡಿಯೊಳಗೆ ಕೊಳಕು ಸುರಿಯುತ್ತಿದ್ದರು; ಶಾಲೆಯಿಂದ ಬರುವ ಮಕ್ಕಳನ್ನು ತಳ್ಳುತ್ತಿದ್ದರು. ಪೊಲೀಸ್ ಠಾಣೆಗೆ ಹೋದರೆ, ಇದು ಮಾಮೂಲು ಪುಂಡಾಟ, ಜನಾಂಗದ ಪ್ರಶ್ನೆ ಇದರಲ್ಲಿಲ್ಲ ಎಂಬ ಉತ್ತರ. ದೂರು ಕೊಡಹೋದವನನ್ನೇ ನಿನ್ನ ಕಾಗದಪತ್ರ ಎಲ್ಲಿ ಎಂದು ಕೇಳಿದ ಪ್ರಸಂಗಗಳೂ ಇದ್ದವು. 1978ರ ಜನವರಿಯಲ್ಲಿ ಆಗ ವಿರೋಧಪಕ್ಷದ ನಾಯಕಿಯಾಗಿದ್ದ ಮಾರ್ಗರೆಟ್ ಥ್ಯಾಚರ್, ಪರಸಂಸ್ಕೃತಿಯ ಜನರಲ್ಲಿ ತಮ್ಮ ದೇಶ ಮುಳುಗಿಹೋದೀತೆಂದು ಇಲ್ಲಿಯವರಿಗೆ ಭಯವಿದೆಯೆಂದು ದೂರದರ್ಶನದಲ್ಲಿ ಹೇಳಿದರು. ಬೀದಿಮೂಲೆಯ ಪತ್ರಿಕೆಯ ಮಾತಿಗೂ ಗಣ್ಯರ ಮಾತಿಗೂ ಅಂತರ ಕಿರಿದಾಗುತ್ತ ಬಂದಿತ್ತು.

ಅದೇ ವರ್ಷದ ಮೇ 4ರಂದು ಲಂಡನ್ನಿನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆದಿತ್ತು. ಬ್ರಿಕ್ ಲೇನಿಗೆ ಅಡ್ಡವಾಗಿರುವ ಹ್ಯಾನ್‌ಬರಿ ಸ್ಟ್ರೀಟಿನ ಒಂದು ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಕೆಲಸಗಾರನಾಗಿದ್ದ ಅಲ್ತಾಬ್ ಅಲಿ ಎಂಬ ಬಂಗಾಳಿ ತರುಣನು ಸಂಜೆ ಕೆಲಸ ಮುಗಿಸಿ ಮನೆಗೆ ಹೊರಟನು. ವಯಸ್ಸು ಇಪ್ಪತ್ತೈದರ ಸಮೀಪ. ವೈಟ್‌ಚಾಪೆಲ್‌ನಲ್ಲಿ, ಹಿಂದೆ ಸೇಂಟ್ ಮೇರಿಯ ಬಿಳಿಯ ಇಗರ್ಜಿ ಇದ್ದು ಯುದ್ಧಕಾಲದ ಬಾಂಬಿಗೆ ಹಾಳಾದ ಜಾಗದ ಉದ್ಯಾನದ ಮಗ್ಗುಲಲ್ಲಿ, ಆಡ್ಲರ್ ಸ್ಟ್ರೀಟಿನಲ್ಲಿ, ಹದಿಹರೆಯದ ಮೂವರು ಹುಡುಗರು ಅವನ ಮೇಲೆ ಬಿದ್ದು ಇರಿದು ಕೊಂದರು. ಅವರಿಗೂ ಅವನಿಗೂ ಪರಿಚಯವಿರಲಿಲ್ಲ, ಜಗಳವಿರಲಿಲ್ಲ. ಏಕೆ ಮಾಡಿದಿರಿ ಎಂದು ಕೇಳಿದಾಗ, ಕಾರಣ ಏನೂ ಇಲ್ಲವೆಂಬ ಉತ್ತರ ಅವರಲ್ಲೊಬ್ಬನಿಂದ ಬಂತು. ಆ ಉತ್ತರವನ್ನು ಕೇಳಿ ನಡುಗದವರಿಲ್ಲ. ಆದರೆ ಅದು ಪೂರ್ಣಸತ್ಯವಲ್ಲ. ಆ ಹುಡುಗರಿಗೆ ತಿಳಿಯದಿದ್ದ ಕಾರಣವನ್ನು ಅವರಿಗಾಗಿ ಇತರರು ಹತ್ತು ವರ್ಷದಿಂದ ಸಿದ್ಧಪಡಿಸಿದ್ದರು. ಭಾಷಣ ಮಾಡಿದವರು, ಪತ್ರಿಕೆ ಮಾರಿದವರು, ದೂರನ್ನು ಬರೆದುಕೊಳ್ಳದೆ ಕಳುಹಿಸಿದವರು, ಒಬ್ಬನು ಉಗುಳಿದಾಗ ಅದು ಅಲ್ಪವಿಷಯವೆಂದು ಮುಖ ತಿರುಗಿಸಿದವರು, ಇವರೆಲ್ಲರೂ ಆ ಕೃತ್ಯದಲ್ಲಿ ಪಾಲುದಾರರು. ನ್ಯಾಯಸ್ಥಾನ ದಂಡಿಸಬಲ್ಲದ್ದು ಇರಿದ ಕೈಯನ್ನು ಮಾತ್ರ.

ಬಂಗಾಳಿ ಹಿರಿಯರಲ್ಲಿ ಹಲವರ ಬುದ್ಧಿವಾದವು 1936ರ ಯೆಹೂದ್ಯ ಪ್ರಮುಖರದಂತೆಯೇ ಇತ್ತು: ತಲೆ ತಗ್ಗಿಸಿ ದುಡಿಯೋಣ, ಊರಿಗೆ ಹಣ ಕಳುಹಿಸೋಣ, ಜಗಳ ಬೇಡ. ತರುಣರು ಕೇಳಲಿಲ್ಲ. ಮೇ 14ರಂದು, ಸುರಿಯುವ ಮಳೆಯಲ್ಲಿ, ಅಲ್ತಾಬ್ ಅಲಿಯ ಹೆಸರಿನ ಶವಪೆಟ್ಟಿಗೆಯ ಹಿಂದೆ ಸುಮಾರು 7,000 ಜನ ಬ್ರಿಕ್ ಲೇನಿನಿಂದ ಹೊರಟು ಪ್ರಧಾನಮಂತ್ರಿಯ ನಿವಾಸದವರೆಗೆ ನಡೆದು ಮನವಿಯನ್ನು ಕೊಟ್ಟರು. ಊರಿನ ಬಿಳಿಯರೂ ಕರಿಯರೂ ಅವರೊಡನೆ ಹೆಜ್ಜೆ ಹಾಕಿದರು. ಜೂನ್ 11ರಂದು ಸುಮಾರು 150 ಪುಂಡರು ಬ್ರಿಕ್ ಲೇನಿಗೆ ನುಗ್ಗಿ ಅಂಗಡಿಗಳ ಗಾಜು ಒಡೆದರು. ಅದೇ ತಿಂಗಳು ಹ್ಯಾಕ್ನಿಯಲ್ಲಿ ಇಷಾಕ್ ಅಲಿ ಎಂಬ ಮತ್ತೊಬ್ಬನ ಪ್ರಾಣಹರಣವಾಯಿತು. ಆಗ ತರುಣರು ಭಾನುವಾರಗಳಂದು ಪತ್ರಿಕೆ ಮಾರುವವರು ಬರುವುದಕ್ಕೆ ಮೊದಲೇ ಆ ಮೂಲೆಗೆ ಹೋಗಿ ಕುಳಿತು ಸ್ಥಳವನ್ನು ವಶಪಡಿಸಿಕೊಂಡರು. ಜುಲೈ 17ರಂದು ಸಾವಿರಾರು ಜನ ಕೆಲಸ ನಿಲ್ಲಿಸಿದರು, ಅಂಗಡಿಗಳು ಮುಚ್ಚಿದವು. ಬೆತ್ನಲ್ ಗ್ರೀನ್ ಮತ್ತು ಸ್ಟೆಪ್ನಿಯ ಕಾರ್ಮಿಕ ಸಂಘಗಳ ಒಕ್ಕೂಟವು ಮನೆಮನೆಯ ಹೇಳಿಕೆಗಳನ್ನು ಕೂಡಿಸಿ, ಯಾವ ದಿನ ಯಾವ ಬೀದಿಯಲ್ಲಿ ಯಾರ ಮೇಲೆ ದಾಳಿಯಾಯಿತೆಂದು ಒಂದು ವರದಿಯನ್ನು ಆ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಮೆರವಣಿಗೆಯಷ್ಟೇ ಬೆಲೆಯುಳ್ಳ ಕಾರ್ಯ ಇದು ಎಂದು ನಾನು ಭಾವಿಸುತ್ತೇನೆ. ಬಿಡಿಬಿಡಿಯಾಗಿ ಇದ್ದಾಗ ಪುಂಡಾಟವೆನಿಸಿಕೊಂಡದ್ದು, ಒಟ್ಟಿಗೆ ಬರೆದಿಟ್ಟಾಗ ಅದರ ನಿಜವಾದ ರೂಪದಲ್ಲಿ ಕಾಣಿಸಿತು.

ಈ ಪ್ರಯತ್ನಗಳಿಂದ ದ್ವೇಷ ಅಳಿಯಿತೆಂದು ಹೇಳುವಂತಿಲ್ಲ. 1993ರ ಸೆಪ್ಟೆಂಬರಿನಲ್ಲಿ ಅದೇ ಪ್ರದೇಶದ ಮಿಲ್‌ವಾಲ್ ವಾರ್ಡಿನಿಂದ ನ್ಯಾಷನಲ್ ಫ್ರಂಟಿನ ಹಾದಿಯಲ್ಲೇ ನಡೆದ ಬ್ರಿಟಿಷ್ ನ್ಯಾಷನಲ್ ಪಾರ್ಟಿಯ ಉಮೇದುವಾರನು ಏಳು ಮತಗಳ ಅಂತರದಿಂದ ಗೆದ್ದು, ಮರುವರ್ಷ ಸೋತನು. 1999ರ ಏಪ್ರಿಲ್ 24ರಂದು ಮೊಳೆ ತುಂಬಿದ ಬಾಂಬೊಂದು ಬ್ರಿಕ್ ಲೇನಿನಲ್ಲೇ ಸಿಡಿದು ಹದಿಮೂರು ಜನ ಗಾಯಗೊಂಡರು. ವಾರದ ಹಿಂದೆ ಬ್ರಿಕ್ಸ್‌ಟನ್ನಿನಲ್ಲಿ ಕರಿಯರ ಮೇಲೆ, ಆಮೇಲೆ ವಾರದೊಳಗೆ ಸೋಹೋದಲ್ಲಿ ಸಲಿಂಗಪ್ರೇಮಿಗಳ ಮೇಲೆ ಬಾಂಬು ಇಟ್ಟವನೂ ಇದನ್ನು ಇಟ್ಟವನೂ ಒಬ್ಬನೇ, ನಾಜಿ ಮತಾವಲಂಬಿಯೊಬ್ಬ. ಒಂದು ಜನವನ್ನು ದ್ವೇಷಿಸುವವನು ಅಲ್ಲಿಗೇ ನಿಲ್ಲುವುದಿಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಕಾಗಿಲ್ಲ.

ಆದರೂ ಕಾಯಿದೆಯ ದೃಷ್ಟಿ ಬದಲಾಯಿತು, ಮತ್ತು ಅದನ್ನು ಬದಲಾಯಿಸಿದವರು ನೊಂದವರು. 1965ರ ರೇಸ್ ರಿಲೇಷನ್ಸ್ ಆಕ್ಟ್ ಜನಾಂಗದ್ವೇಷವನ್ನು ಉದ್ರೇಕಿಸುವುದನ್ನು ಅಪರಾಧವೆಂದಿತು. 1968ರ ಶಾಸನ ಮನೆ ಮತ್ತು ಉದ್ಯೋಗಗಳಲ್ಲಿ ಭೇದ ಮಾಡುವುದನ್ನು ನಿಷೇಧಿಸಿತು. 1976ರದು ಅದನ್ನು ಬಲಪಡಿಸಿತು. ಹೀಗಿದ್ದರೂ ಠಾಣೆಯ ಮೇಜಿನ ಹಿಂದೆ ಕುಳಿತವನ ಮನಸ್ಸು ಶಾಸನಕ್ಕೆ ನಿಲುಕಿರಲಿಲ್ಲ. 1993ರ ಏಪ್ರಿಲ್ 22ರ ರಾತ್ರಿ ಆಗ್ನೇಯ ಲಂಡನ್ನಿನ ಎಲ್ಟಮ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದ ಸ್ಟೀಫನ್ ಲಾರೆನ್ಸ್ ಎಂಬ ಹದಿನೆಂಟರ ಕರಿಯ ಹುಡುಗನನ್ನು ಬಿಳಿಯ ತರುಣರ ಗುಂಪು ಇರಿದು ಕೊಂದಿತು. ಪೊಲೀಸರು ತನಿಖೆಯನ್ನು ಕೆಡಿಸಿದರು. ತಾಯಿ ಡೊರೀನ್ ಮತ್ತು ತಂದೆ ನೆವಿಲ್ ಬಿಡಲಿಲ್ಲ. ಅವರ ಹಟದಿಂದ ನೇಮಕವಾದ ವಿಚಾರಣೆಯ ವರದಿಯನ್ನು ಸರ್ ವಿಲಿಯಂ ಮ್ಯಾಕ್‌ಫರ್ಸನ್ 1999ರ ಫೆಬ್ರವರಿಯಲ್ಲಿ ಒಪ್ಪಿಸಿ, ದೋಷವು ಒಬ್ಬಿಬ್ಬರು ಅಧಿಕಾರಿಗಳದಲ್ಲ, ಇಡೀ ಸಂಸ್ಥೆಯ ನಡವಳಿಕೆಯಲ್ಲಿ ಜನಾಂಗಭೇದ ಬೇರೂರಿದೆಯೆಂದು ತೀರ್ಮಾನಿಸಿದರು. 70 ಶಿಫಾರಸುಗಳನ್ನು ಮಾಡಿದರು. ಒಂದು ಘಟನೆ ಜನಾಂಗದ್ವೇಷದಿಂದ ಆದುದೆಂದು ಅದಕ್ಕೆ ಈಡಾದವನಿಗಾಗಲಿ ಮತ್ತಾರಿಗಾಗಲಿ ತೋರಿದರೆ ಅದನ್ನು ಹಾಗೆಯೇ ದಾಖಲು ಮಾಡಿ ತನಿಖೆ ನಡೆಸತಕ್ಕದ್ದು ಎಂಬುದು ಅವುಗಳಲ್ಲೊಂದು. ಅದರ ಹಿಂದಿನ ವರ್ಷವೇ, ಜನಾಂಗದ್ವೇಷದಿಂದ ಮಾಡಿದ ಹಲ್ಲೆಗೆ ಹೆಚ್ಚಿನ ಶಿಕ್ಷೆ ವಿಧಿಸುವ ಶಾಸನ ಬಂದಿತ್ತು. ಲಾರೆನ್ಸ್‌ನ ಹಂತಕರಲ್ಲಿ ಇಬ್ಬರಿಗೆ ಶಿಕ್ಷೆಯಾದದ್ದು 2012ರಲ್ಲಿ, ಹತ್ತೊಂಬತ್ತು ವರ್ಷಗಳಾಗುತ್ತ ಬಂದಮೇಲೆ.

ದ್ವೇಷದಿಂದಾದ ಹಲ್ಲೆಗೆ ಹೆಚ್ಚಿನ ಶಿಕ್ಷೆ ಏಕೆ, ಪೆಟ್ಟು ಪೆಟ್ಟೇ ಅಲ್ಲವೆ ಎಂದು ಕೇಳುವವರುಂಟು. ಬ್ರಿಕ್ ಲೇನಿನ ಜೀವನವನ್ನು ನೋಡಿದರೆ ಉತ್ತರ ಸಿಕ್ಕುತ್ತದೆ. ಹಣಕ್ಕಾಗಿ ಕೊಂದವನು ಒಬ್ಬನನ್ನು ಕೊಲ್ಲುತ್ತಾನೆ. ಅಲ್ತಾಬ್ ಅಲಿಯನ್ನು ಕೊಂದ ಮರುದಿನ ಆ ಸುತ್ತಿನ ಬಂಗಾಳಿಗಳೆಲ್ಲರೂ, ಇರಿಯಲ್ಪಟ್ಟವನು ತಾನೇ ಆಗಿರಬಹುದಾಗಿತ್ತೆಂದು ತಿಳಿದರು. ತಾಯಂದಿರು ಮಕ್ಕಳನ್ನು ಶಾಲೆಗೆ ಕಳುಹಿಸಲು ಹೆದರಿದರು. ಕೂಲಿಯವನು ಕತ್ತಲಾಗುವ ಮುಂಚೆ ಯಂತ್ರ ಬಿಟ್ಟೇಳಬೇಕಾಯಿತು. ಗಾಯ ಒಬ್ಬನದು, ಭಯ ಸಮುದಾಯದ್ದು. ಆದುದರಿಂದ ಅಪರಾಧವೂ ಸಮುದಾಯದ ಮೇಲೆ ಎಸಗಿದ್ದೇ ಆಗುತ್ತದೆ.

ಅಲ್ತಾಬ್ ಅಲಿ ಬಿದ್ದ ಜಾಗದ ಮಗ್ಗುಲಿನ ಉದ್ಯಾನಕ್ಕೆ 1998ರಲ್ಲಿ ಅವನ ಹೆಸರನ್ನೇ ಇಟ್ಟರು. ಅದರ ಬಾಗಿಲ ಕಮಾನು ಅವನ ಮತ್ತು ಜನಾಂಗದ್ವೇಷಕ್ಕೆ ಬಲಿಯಾದ ಇತರರ ಸ್ಮಾರಕ. 1936ರಲ್ಲಿ ಕೇಬಲ್ ಸ್ಟ್ರೀಟಿನಲ್ಲಿ ನಿಂತಿದ್ದ ಯೆಹೂದ್ಯ ದರ್ಜಿಯೊಬ್ಬನ ಮಗನಾದ ಮ್ಯಾಕ್ಸ್ ಲೆವಿಟಾಸ್ ಎಂಬವನು 2018ರಲ್ಲಿ ತನ್ನ ನೂರಮೂರನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆ ಸುತ್ತಿನಲ್ಲೇ ಬಾಳಿ, ಜನಾಂಗದ್ವೇಷದ ವಿರುದ್ಧ ಮಾತನಾಡುತ್ತಲೇ ಇದ್ದನು. ಇಂಥವರ ಕೆಲಸ ಅಲಂಕಾರಕ್ಕಾಗಿ ಅಲ್ಲ. 2024ರ ಬೇಸಗೆಯಲ್ಲಿ ಸೌತ್‌ಪೋರ್ಟ್ ಎಂಬ ಊರಿನಲ್ಲಿ ಮೂವರು ಬಾಲಿಕೆಯರ ಕೊಲೆಯಾದಾಗ, ಕೊಂದವನು ಆಶ್ರಯ ಬೇಡಿ ಬಂದ ಮುಸಲ್ಮಾನನೆಂಬ ಸುಳ್ಳು ಸುದ್ದಿ ಕ್ಷಣಾರ್ಧದಲ್ಲಿ ಹರಡಿ, ಇಂಗ್ಲೆಂಡಿನ ಹಲವು ಪಟ್ಟಣಗಳಲ್ಲಿ ಮಸೀದಿಗಳಿಗೂ ನಿರಾಶ್ರಿತರು ತಂಗಿದ್ದ ಹೋಟೆಲುಗಳಿಗೂ ಗುಂಪುಗಳು ಮುತ್ತಿಗೆ ಹಾಕಿದವು. ಸೀಮೆಸುಣ್ಣದ ಬರೆಹವಾದರೆ ಕಮಿಷನರು ಒರೆಸಬಹುದಾಗಿತ್ತು. ಈ ಬರೆಹವನ್ನು ಒರೆಸಲು ಒಬ್ಬ ಅಧಿಕಾರಿಯ ಕೈ ಸಾಲದು. ಆಗಸ್ಟ್ 7ರ ಸಂಜೆ ಲಂಡನ್ನಿನ ವಾಲ್ತಮ್‌ಸ್ಟೋದಲ್ಲಿ ಸಾವಿರಾರು ಜನ ತಾವಾಗಿ ಬಂದು ಬೀದಿ ತುಂಬಿ ನಿಂತುದರಿಂದ ದಾಳಿ ಮಾಡಬೇಕೆಂದಿದ್ದವರು ಸುಳಿಯಲಿಲ್ಲ.

ಈ ಮುನ್ನೂರು ವರ್ಷಗಳಿಂದ ಕಲಿಯತಕ್ಕದ್ದು ಇಷ್ಟು. ಚೂರಿಗೆ ಮೊದಲು ಮಾತು ಬರುತ್ತದೆ. ಆ ಮಾತನ್ನು ಗೌರವಸ್ಥರು ಆಡತೊಡಗಿದ ದಿನ ಚೂರಿಗೆ ಅಪ್ಪಣೆ ಸಿಕ್ಕಂತಾಗುತ್ತದೆ. ಉಗುಳಿದ್ದನ್ನೂ ಗಾಜು ಒಡೆದದ್ದನ್ನೂ ಅಲ್ಪವೆಂದು ಬರೆದುಕೊಳ್ಳದ ಠಾಣೆಯು ಮುಂದಿನ ಕೊಲೆಗೆ ದಾರಿ ಮಾಡಿಕೊಡುತ್ತದೆ. ಶಾಸನ ಬೇಕು, ಆದರೆ ಅದು ನೊಂದವನ ಮಾತಿನಿಂದ ಹುಟ್ಟಿ ನೆರೆಯವನ ಧೈರ್ಯದಿಂದ ಉಳಿಯತಕ್ಕದ್ದು; ಆ ಧೈರ್ಯವನ್ನು ಒಂದು ಪೀಳಿಗೆ ಇನ್ನೊಂದು ಪೀಳಿಗೆಗೆ ಆಸ್ತಿಯಂತೆ ಬರೆದುಕೊಡಲಾರದು. ಹೊಸದಾಗಿ ಬಂದವನ ಮೇಲೆ ಹಳೆಯ ನಿಂದೆಯ ಪಟ್ಟಿಯನ್ನು ಓದುವವರು ಯಾವ ದೇಶದಲ್ಲಾದರೂ ಯಾವ ಭಾಷೆಯಲ್ಲಾದರೂ ಬಾಯಿ ತೆರೆದಾಗ, ಇದು ಸುಳ್ಳು, ಇದನ್ನು ನಾವು ಹಿಂದೆಯೂ ಕೇಳಿದ್ದೇವೆ ಎಂದು ಮೊದಲ ದಿನವೇ ಹೇಳುವ ಹೊಣೆ ಆಯಾ ಕಾಲದಲ್ಲಿ ಬದುಕಿರುವ ಒಬ್ಬೊಬ್ಬರದೂ ಆಗಿದೆ.